ಗಂಡನ ಎದೆಯೊಳಗಿನ ಒದೆಯುವ ಯಂತ್ರ

ನನ್ನ ಗಂಡ ಮೊದಲ ಸಲ ಬಿದ್ದಾಗ ನನ್ನ ಜಡೆ ಅವನ ಮುಷ್ಟಿಯಲ್ಲಿತ್ತು. ಬಿದ್ದವನು ಜಡೆ ಬಿಡಲಿಲ್ಲ. ಅವನ ಜೊತೆಗೇ ನಾನೂ ನೆಲಕ್ಕೆ ಬಿದ್ದೆ, ಮೊಣಕಾಲು ಒಡೆಯಿತು. ಹೊಡೆಯುವುದಕ್ಕೆ ಇದೂ ಒಂದು ಹೊಸ ವರಸೆ ಇರಬೇಕು ಅಂದುಕೊಂಡೆ.

ನಮ್ಮ ಅಂಗಡಿ ಇರುವುದು ಬೆಂಗಳೂರಿನ ವಿಜಯನಗರದಲ್ಲಿ, ವಾಸವೂ ಅದರ ಹಿಂಭಾಗದಲ್ಲೇ. ಒಂದು ಕಾಲದಲ್ಲಿ ಅದು ಅವನ ಮೈಕ್ ಸೆಟ್ ಅಂಗಡಿ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ, ಗೃಹಪ್ರವೇಶ, ಮಾಗಡಿ ರಸ್ತೆಯ ಉದ್ದಕ್ಕೂ ಅವನದೇ ಹಾರ್ನು, ಅವನದೇ ಪೆಟ್ಟಿಗೆ. ಆಮೇಲೆ ಡೀಜೆಯವರು ಬಂದರು, ಅವನ ಸ್ಪೀಕರುಗಳು ಅಟ್ಟ ಸೇರಿದವು. ನಾನು ದಾವಣಗೆರೆ ಕಡೆಯವಳು. ಅಂಗಡಿಯ ಹಿಂಭಾಗದಲ್ಲಿ ಹಂಚು ಇಟ್ಟು ಜೋಳದ ರೊಟ್ಟಿ ತಟ್ಟಲು ಶುರು ಮಾಡಿದೆ. ನಮ್ಮ ಕಡೆಯಿಂದ ಬಂದು ಇಲ್ಲಿ ಆಫೀಸು, ವ್ಯಾಪಾರ ಅಂತ ನೆಲೆಸಿದ ಜನ ಬಹಳ, ರೊಟ್ಟಿ ತಟ್ಟುವವರು ಕಡಿಮೆ. ಸ್ವಲ್ಪ ದಿನದಲ್ಲೇ ಮುಂಭಾಗವೂ ರೊಟ್ಟಿಯದೇ ಆಯಿತು. ಜನ ‘ಅಜ್ಜಿ ರೊಟ್ಟಿ ಅಂಗಡಿ’ ಅಂದರು. ಆ ಮಾತು ಅವನ ಕಿವಿಗೆ ಬಿದ್ದ ದಿನ ನನಗೆ ಏಟು ಖಾತ್ರಿ.

ಏಟು ಹೊಸದೇನಲ್ಲ. ಮದುವೆಯಾದ ವರ್ಷದಿಂದಲೂ ತಿಂದಿದ್ದೇನೆ. ಕೈ, ಕಾಲು, ಎರಡಾಗಿ ಮಡಚಿದ ಮೈಕ್ ವೈರು, ಒಂದು ಸಲ ಮೈಕ್ ಸ್ಟ್ಯಾಂಡು. ಇಲ್ಲೇ ಉಲ್ಲಾಳದಲ್ಲಿರುವ ಮಗಳು, ಬಾಮ್ಮ ನಮ್ಮನೆಗೆ, ಅಂತ ಎಷ್ಟೋ ಸಲ ಕರೆದಳು. ನಾನು ಯಾಕೆ ಹೋಗಲಿ? ಹಂಚು ನನ್ನದು, ಗಿರಾಕಿಗಳು ನನ್ನವರು. ಹೋಗಬೇಕಾದವನು ಅವನು.

ಅವನು ಮೊದಲ ಸಲ ಬಿದ್ದನಲ್ಲ, ಅವತ್ತು ಬೆಳಿಗ್ಗೆ ಹಿಟ್ಟು ನಾದುತ್ತಿದ್ದೆ. ಯಾರೋ ಬೋರ್ಡು ಬರೆಯುವವನು ಬಂದು, ಅಜ್ಜಿ ನಿಮ್ಮ ಅಂಗಡಿಗೆ ಒಂದು ಬೋರ್ಡು ಬರೆದುಕೊಡಲಾ ಅಂತ ಕೇಳಿದ. ಅವನು ಆಚೆ ಹೋದದ್ದೇ ತಡ, ಹಿಂದಿನಿಂದ ಜಡೆಗೆ ಗಂಡನ ಕೈ ಬಿತ್ತು. ತಲೆಯನ್ನು ಗೋಡೆಗೆ ಒಂದು ಸಲ ಬಡಿದ. ಇನ್ನೊಂದು ಸಲಕ್ಕೆ ಎಳೆದವನು ಹಾಗೇ ಮಡಚಿಕೊಂಡು ಬಿದ್ದ.

ನನ್ನ ಜೊತೆ ರೊಟ್ಟಿ ತಟ್ಟಲು ಒಬ್ಬ ಹೆಂಗಸು ಶ್ರೀಗಂಧದ ಕಾವಲ್‌ನಿಂದ ಬಸ್ಸಿನಲ್ಲಿ ಬರುತ್ತಾಳೆ. ಅವಳು ಬಗ್ಗಿ ನೋಡಿದಳು.

“ಅಕ್ಕಾ, ಅಣ್ಣನ ಕಣ್ಣು ಮೇಲಕ್ಕೋಗಿದೆ ಕಣಕ್ಕಾ.”

“ನಾಟಕ ಅದು. ಬಿಡೇ.”

“ನಾಟಕ ಅಲ್ಲ, ಉಸಿರೇ ಇಲ್ಲ!”

ಮುಷ್ಟಿ ಬಿಡಿಸಲು ಆಗಲಿಲ್ಲ. ಈರುಳ್ಳಿ ಹೆಚ್ಚುವ ಚಾಕು ತಂದು ನನ್ನ ಜಡೆಯನ್ನೇ ಕೊಯ್ದುಬಿಟ್ಟಳು. ಕೊಯ್ದ ಜಡೆ ಅವನ ಕೈಯಲ್ಲೇ ಉಳಿಯಿತು. ಆಮೇಲೆ ಆಂಬ್ಯುಲೆನ್ಸಿಗೆ ಫೋನು ಮಾಡಿ, ಜೋರಾಗಿ ಕೇಳುವ ಹಾಗೆ ಮಾಡಿ ನನ್ನ ಪಕ್ಕ ಹಿಡಿದಳು. ಆ ಕಡೆಯಿಂದ ಒಬ್ಬ ಗಂಡಸು ಹೇಳಿದ: “ಎದೆ ಮಧ್ಯ ಎರಡೂ ಕೈ ಇಟ್ಟು ಜೋರಾಗಿ ಒತ್ತಿಯಮ್ಮ. ಗಾಡಿ ಬರೋವರೆಗೂ ನಿಲ್ಲಿಸ್ಬೇಡಿ. ಮೂಳೆ ಮುರಿದ್ರೂ ಪರವಾಗಿಲ್ಲ.”

“ಮೂಳೆ ಮುರಿದ್ರೂ ಪರವಾಗಿಲ್ವಾ?” ಅಂತ ಇನ್ನೊಂದು ಸಲ ಕೇಳಿ ತಿಳಿದುಕೊಂಡೆ.

“ಪರವಾಗಿಲ್ಲ. ಒತ್ತಿ!”

ಒಂದು ತೊಡಕಿತ್ತು. ನಾವು ಲಿಂಗ ಕಟ್ಟುವ ಜನ. ದೀಕ್ಷೆಯಲ್ಲಿ ಗುರುಗಳು ಕೊಟ್ಟ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಅದು ಅವರವರದು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಹೆಂಡತಿಯೂ ಮುಟ್ಟುವುದಿಲ್ಲ. ಮೈಯಿಂದ ಲಿಂಗ ಬೇರೆಯಾದರೆ ಪ್ರಾಣ ಬೇರೆಯಾದ ಹಾಗೆ ಅಂತ ಹೇಳಿಕೊಟ್ಟು ಬೆಳೆಸಿದ್ದಾರೆ. ಅವನ ಕರಡಿಗೆ ಸರಿಯಾಗಿ ಎದೆಯ ನಡುವೆ ಕುಳಿತಿತ್ತು. ಅದನ್ನು ಸರಿಸಲು ನನ್ನ ಕೈ ಬರಲಿಲ್ಲ. ಅದರ ಮೇಲೆಯೇ ಒತ್ತಿದೆ. ರೊಟ್ಟಿ ತಟ್ಟಿದ ಕೈ, ಬಲಕ್ಕೇನೂ ಕಡಿಮೆಯಿಲ್ಲ. ಒಳಗೆ ಲಟ್ ಅಂತ ಏನೋ ಮುರಿಯಿತು. ಪರವಾಗಿಲ್ಲ ಅಂದಿದ್ದನಲ್ಲ, ಇನ್ನೂ ಒತ್ತಿದೆ. ಸುಳ್ಳು ಯಾಕೆ ಹೇಳಲಿ, ಕೈಗೆ ಹಿತವಾಗಿಯೇ ಇತ್ತು.

ಆಗ ಬಂದರು ಬೀದಿಯವರು. ಅಷ್ಟು ವರ್ಷ ನನ್ನ ಕೂಗು ಕೇಳಿ ಟೀವಿಯ ಸದ್ದು ಜಾಸ್ತಿ ಮಾಡಿಕೊಂಡ ಜನ, ಅವತ್ತು ಚಪ್ಪಲಿ ಹಾಕಿಕೊಳ್ಳದೆ ಓಡಿ ಬಂದರು.

“ಅಯ್ಯೋ, ಗಂಡನ್ನ ಸಾಯಿಸ್ತಾವ್ಳೆ! ಹಿಡ್ಕೊಳ್ರೋ!”

ಎದುರಿನ ಹಾರ್ಡ್‌ವೇರ್ ಅಂಗಡಿಯವನು ನನ್ನ ಸೊಂಟ ಹಿಡಿದು ಎಳೆದ. ಇಸ್ತ್ರಿಯವನು ಕಾಲು ಹಿಡಿದ.

“ಬಿಡ್ರೋ! ಫೋನಲ್ಲಿ ಒತ್ತು ಅಂತಾವ್ರೆ!”

“ಯಾರಮ್ಮ ನಿಮಗೆ ಗಂಡನ್ನ ಕೊಲ್ಲೋಕೆ ಫೋನಲ್ಲಿ ಹೇಳೋರು?”

ಮೊಣಕೈಯಿಂದ ಹಾರ್ಡ್‌ವೇರಿನವನ ಬಾಯಿಗೆ ಗುದ್ದಿದೆ. ಹಲ್ಲು ಅಲ್ಲಾಡಿತಂತೆ, ಈಗಲೂ ಆ ಕಡೆಯಿಂದ ಅಗಿಯುವುದಿಲ್ಲ ಅಂತ ಹೇಳುತ್ತಾನೆ. ನನ್ನ ಜೊತೆಯವಳು ರೊಟ್ಟಿ ಹಲಗೆ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತಳು. “ಯಾವನಾದ್ರೂ ಒಳಗೆ ಕಾಲಿಟ್ರೆ ತಲೆ ಎರಡು ಹೋಳು!” ನಾನು ಮತ್ತೆ ಒತ್ತತೊಡಗಿದೆ. ಗಾಡಿಯವರು ಬಂದು ಎದೆಗೆ ಕರೆಂಟು ಕೊಟ್ಟರು. ನೆಲದಿಂದ ಮೀನಿನ ಹಾಗೆ ನೆಗೆದ. ಎರಡನೆಯ ಸಲ ಕೊಟ್ಟಾಗ ಉಸಿರು ಬಂತು.

ಆಸ್ಪತ್ರೆಯಲ್ಲಿ ಎದೆಯ ನಾಳಗಳ ಚಿತ್ರ ತೆಗೆದರು. ಆಮೇಲೆ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದಳು. ಹೃದಯಕ್ಕೇ ರಕ್ತ ಕೊಡುವ ನಾಳಗಳು ಎರಡು. ಒಂದು ಬಲದಲ್ಲಿ ಹುಟ್ಟಬೇಕು, ಒಂದು ಎಡದಲ್ಲಿ. ಇವನಿಗೆ ಎರಡೂ ಎಡದಲ್ಲೇ ಹುಟ್ಟಿವೆ. ಬಲಕ್ಕೆ ಹೋಗಬೇಕಾದದ್ದು ಎರಡು ದೊಡ್ಡ ಕೊಳವೆಗಳ ಸಂದಿಯಲ್ಲಿ ನುಸುಳಿಕೊಂಡು ಹೋಗಿದೆ. ಎದೆ ಜೋರಾಗಿ ಬಡಿದುಕೊಂಡಾಗ ಆ ದೊಡ್ಡವು ಉಬ್ಬಿ ನಡುವಿನದನ್ನು ಹಿಂಡುತ್ತವೆ. ಹಿಂಡಿ ಹಿಂಡಿ ಹೃದಯದ ಒಂದು ಮೂಲೆಯಲ್ಲಿ ಕಲೆ ಕಟ್ಟಿದೆ. ಆ ಕಲೆಯಿಂದ ಬಡಿತ ಹುಚ್ಚೆದ್ದು ತಾಳ ತಪ್ಪುತ್ತದೆ. ತಪ್ಪಿದರೆ ರಕ್ತ ಮುಂದಕ್ಕೆ ಹೋಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ.

“ಹುಟ್ಟಿದಾಗಿಂದ ಇದೆ. ಬಹಳ ಅಪರೂಪ. ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ,” ಅಂದಳು.

“ಜೋರಾಗಿ ಯಾವಾಗ ಬಡ್ಕೊಳುತ್ತೆ?”

“ಓಡಿದಾಗ, ಭಾರ ಎತ್ತಿದಾಗ. ಸಿಟ್ಟು ಬಂದಾಗ.”

“ಹೆಂಡ್ತಿಗೆ ಹೊಡೆದಾಗ?”

ನನ್ನ ಮೋಟು ಜಡೆಯನ್ನು ನೋಡಿದಳು. “ಆಗಲೂ,” ಅಂದಳು.

ಎದೆ ತೆರೆದು ನಾಳ ಸರಿ ಮಾಡಬಹುದು ಅಂದರು. ಅವನು ಒಪ್ಪಲಿಲ್ಲ. ಹೆಂಡತಿಗೆ ಚರ್ಮ ಸುಲಿಯುವ ಹಾಗೆ ಬಾರಿಸುವವನು, ತನ್ನ ಚರ್ಮದ ಮೇಲೆ ಕತ್ತಿ ಬೀಳುತ್ತದೆ ಅಂದಕೂಡಲೇ ಮಂಚ ಇಳಿದು ಚಪ್ಪಲಿ ಹುಡುಕಿದ. ಕೊನೆಗೆ ಮಾತ್ರೆ ಕೊಟ್ಟು, ಒಂದು ಯಂತ್ರ ಇಡುತ್ತೇವೆ ಅಂದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಎಡಗಡೆ ಕೊರಳ ಮೂಳೆಯ ಕೆಳಗೆ ಚರ್ಮದೊಳಗೆ ಕೂರುತ್ತದೆ, ಅದರ ತಂತಿ ಹೃದಯದೊಳಕ್ಕೆ ಇಳಿಯುತ್ತದೆ. ಬಡಿತ ಹುಚ್ಚೆದ್ದರೆ ಒಳಗಿನಿಂದಲೇ ಕರೆಂಟು ಕೊಟ್ಟು ಒದೆಯುತ್ತದೆ. ಸಣ್ಣ ಗಾಯ ಅಂದಮೇಲೆ ಒಪ್ಪಿದ. ಕೊಯ್ಯುವಾಗ ಕರಡಿಗೆ ಬಿಚ್ಚಲು ಹೇಳಿದರು. ಬಲತೋಳಿಗೆ ಕಟ್ಟಿಕೊಳ್ಳುತ್ತೇನೆ ಅಂದ, ಪುಣ್ಯಾತ್ಮರು ಅದಕ್ಕೂ ಬಿಟ್ಟರು.

ನಾದಿನಿ, ಅಂದರೆ ಅವನ ತಂಗಿ, ಬಸವೇಶ್ವರನಗರದಿಂದ ಬಂದು ವಾರ್ಡಿನಲ್ಲಿ ರಂಪ ಮಾಡಿದಳು. ಅವನ ಎದೆಯ ಮೇಲೆ ಕರಡಿಗೆಯ ಗುರುತು ಕಪ್ಪಗೆ ಮೂಡಿತ್ತು, ಮೂರು ಪಕ್ಕೆಲುಬು ಮುರಿದಿತ್ತು.

“ನೋಡ್ರಮ್ಮ, ಲಿಂಗ ಎದೆಗೆ ಇಳಿಯೋ ಹಂಗೆ ಗುದ್ದಿದಾಳೆ ನನ್ನ ಅಣ್ಣನ್ನ! ಯಾವ ಜನ್ಮದ ಸೇಡೋ!”

“ಈ ಜನ್ಮದ್ದೇ,” ಅಂದೆ.

ಮನೆಗೆ ಬಂದ. ಪಕ್ಕೆಲುಬು ಕೂಡುವವರೆಗೆ ಕೆಮ್ಮಲೂ ಆಗದೆ ಬಿದ್ದಿದ್ದ. ಕೂಡಿದ ಮೇಲೆ ಒಂದು ಬೆಳಿಗ್ಗೆ ಪಲ್ಯಕ್ಕೆ ಉಪ್ಪು ಜಾಸ್ತಿ ಅಂತ ವೈರು ತೆಗೆದ. ಅಟ್ಟಿಸಿಕೊಂಡು ಬಂದು ಒಂದು ಏಟು ಬೆನ್ನಿಗೆ ಹಾಕಿದ. ಎರಡನೆಯದಕ್ಕೆ ಕೈ ಎತ್ತಿದವನು ‘ಹುಕ್’ ಅಂದು ಹಿಂದಕ್ಕೆ ಹಾರಿ ಜೋಳದ ಹಿಟ್ಟಿನ ಡಬ್ಬದ ಮೇಲೆ ಬಿದ್ದ. ಡಬ್ಬ ಉರುಳಿತು. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಎದೆ ಹಿಡಿದುಕೊಂಡು, ಯಾರು ಒದ್ದರು ಅಂತ ಸುತ್ತ ನೋಡುತ್ತಿದ್ದ.

ನನ್ನ ಜೊತೆಯವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. “ಅಕ್ಕಾ, ಒಳಗೆ ಯಾರೋ ನಿನ್ನ ಕಡೆಯೋರು ಕೂತವ್ರೆ ಕಣೇ.”

ಅದಾದ ಮೇಲೂ ಒಂದು ಸಲ ಒದೆಯಿತು. ಅವತ್ತು ನನ್ನ ಕತ್ತು ಹಿಡಿದಿದ್ದ, ಹಿಡಿದ ಬೆರಳು ಹಾಗೇ ಬಿಟ್ಟುಕೊಂಡಿತು. ಆಮೇಲೆ ಅವನಿಗೆ ಹೆದರಿಕೆ ಹೊಕ್ಕಿತು. ಸಿಟ್ಟು ಬಂದರೆ ಎದ್ದು ಆಚೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದ. ಅಂಥ ದಿನಗಳನ್ನು ನಾನು ಮದುವೆಯಾದಾಗಿಂದ ನೋಡಿರಲಿಲ್ಲ. ಬೆಳಿಗ್ಗೆ ನನ್ನ ಲಿಂಗಪೂಜೆ ಮುಗಿಸಿ ಕೈ ಮುಗಿಯುವಾಗ ಆ ಯಂತ್ರಕ್ಕೂ ಒಂದು ಮುಗಿಯುತ್ತಿದ್ದೆ.

ಯಂತ್ರ ತಪಾಸಣೆಗೆ ಅಂತ ಆಸ್ಪತ್ರೆಗೆ ಹೋದೆವು. ಅಲ್ಲೊಬ್ಬಳು ಹುಡುಗಿ ಅವನ ಎದೆಯ ಮೇಲೆ ಏನನ್ನೋ ಇಟ್ಟು, ಪಕ್ಕದ ಪರದೆ ನೋಡಿ, ಎಲ್ಲ ಸರಿಯಿದೆ ಅಂದಳು. ಇವನು ಮೈಕ್ ಸೆಟ್‌ನವನು ಅಂತ ತಿಳಿದು ಎಚ್ಚರಿಕೆ ಹೇಳಿದಳು.

“ಅಂಕಲ್, ದೊಡ್ಡ ಸ್ಪೀಕರ್‌ಗಳನ್ನ ಎದೆಗೆ ಅಪ್ಪಿಕೊಂಡು ಎತ್ತೋದು ಬೇಡ. ಅದರ ಅಯಸ್ಕಾಂತ ಮಷೀನ್ ಹತ್ರ ಬರಬಾರದು.”

“ಬಂದ್ರೆ ಏನಾಗುತ್ತಮ್ಮ?”

“ಮೇಲೆ ಇರೋವರೆಗೂ ಮಷೀನು ಮಲಗಿಬಿಡುತ್ತೆ. ಕುಂಯ್ ಅಂತ ಸದ್ದು ಮಾಡುತ್ತೆ. ತೆಗೆದ್ರೆ ಎದ್ದುಬಿಡುತ್ತೆ.”

“ಮಲಗಿದ್ದಾಗ ಒದೆಯಲ್ಲ?”

“ಒದೆಯಲ್ಲ. ಅದಕ್ಕೇ ಅಲ್ವಾ ಬೇಡ ಅಂತಿರೋದು. ಜೀವಕ್ಕೆ ಅಪಾಯ.”

ಆ ಹುಡುಗಿ ಎಚ್ಚರಿಕೆ ಹೇಳಿದಳು, ಇವನು ಅದನ್ನು ಉಪಾಯ ಅಂತ ಕೇಳಿಸಿಕೊಂಡ. ಬಸ್ ಸ್ಟಾಪಿನಲ್ಲಿ ನನಗೆ ಹುರಿದ ಕಡಲೆಕಾಯಿ ಕೊಡಿಸಿದ. ಅವನು ನನಗೆ ತಿನ್ನಲು ಕೊಡಿಸಿದ್ದು ಯಾವತ್ತೂ ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಕಡಲೆಕಾಯಿ ಚೆನ್ನಾಗಿತ್ತು, ತಿಂದೆ.

ಮರುದಿನ ಅಟ್ಟ ಹತ್ತಿ ಹಳೆಯ ಸ್ಪೀಕರುಗಳನ್ನು ಸುತ್ತಿಗೆಯಿಂದ ಒಡೆದ. ಗುಜರಿಗೆ ಹಾಕುತ್ತೇನೆ ಅಂದ. ಆಮೇಲೆ, ಬೆಳ್ಳಿ ಕರಡಿಗೆ ಗಾಯಕ್ಕೆ ಉಜ್ಜುತ್ತದೆ ಅಂತ ತಂಗಿಯ ಕೈಯಲ್ಲಿ ಬಿಳಿ ಬಟ್ಟೆಯ ಚೀಲ ಹೊಲಿಸಿ, ಲಿಂಗವನ್ನು ಅದರಲ್ಲಿಟ್ಟುಕೊಂಡ. ನಮ್ಮಲ್ಲಿ ಹಾಗೆ ಬಟ್ಟೆಯಲ್ಲಿ ಕಟ್ಟಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಏನೂ ಯೋಚಿಸಲಿಲ್ಲ.

ಒಂದು ದಿನ ಊಟದ ಹೊತ್ತಿನ ಗಲಾಟೆ ಮುಗಿದಿತ್ತು. ಅವನು ಬಂದು ನನ್ನ ಮುಂದೆ ನಿಂತ. ಹೊಟ್ಟೆಯ ಹತ್ತಿರ ನೇತಾಡುತ್ತಿದ್ದ ಲಿಂಗದ ಚೀಲವನ್ನು ಮೇಲಕ್ಕೆ ಎಳೆದು ಬನೀನಿನ ಪಟ್ಟಿಯ ಕೆಳಗೆ, ಎಡಗಡೆ, ಸಿಕ್ಕಿಸಿಕೊಂಡ. ಅವನ ಎದೆಯೊಳಗಿನಿಂದ ಕುಂಯ್ ಅಂತ ಸದ್ದು ಬಂತು. ನಾನು ಅದೇನು ಅಂತ ಕೇಳುವುದರೊಳಗೆ ಕಪಾಳಕ್ಕೆ ಬಿತ್ತು. ಕಿವಿ ಗುಂಯ್ ಅಂದಿತು. ಕೆಳಗೆ ಬಿದ್ದ ಮೇಲೆ ಕಾಲಲ್ಲಿ ಒದ್ದ. ಯಂತ್ರ ಯಾವಾಗ ಒದೆಯುತ್ತದೆ ಅಂತ ಕಾದೆ. ಅದು ಒದೆಯಲಿಲ್ಲ. ನನ್ನ ಉಸಿರು ಕಟ್ಟುವವರೆಗೂ ಒದ್ದು, ಚೀಲವನ್ನು ಹೊಟ್ಟೆಯ ಮೇಲಕ್ಕೆ ಇಳಿಬಿಟ್ಟುಕೊಂಡು ಆಚೆ ಹೋಗಿ ಬೀಡಿ ಹಚ್ಚಿದ.

ಅಲ್ಲಿಂದ ಹಾಗೇ ನಡೆಯಿತು. ಬೇರೆ ಗಂಡಸರು ತೋಳು ಮಡಚುತ್ತಾರೆ, ಇವನು ಚೀಲ ಮೇಲಕ್ಕೆ ಎಳೆಯುತ್ತಿದ್ದ. ಮೊದಲೆಲ್ಲ ಏಟು ಹೇಳದೆ ಕೇಳದೆ ಬರುತ್ತಿತ್ತು. ಈಗ ಬಸ್ಸಿನ ಹಾರ್ನಿನ ಹಾಗೆ ಕುಂಯ್ ಅಂದು ಬರುತ್ತಿತ್ತು, ಅಷ್ಟೇ ವ್ಯತ್ಯಾಸ. ಈಗಲೂ ಯಾರದೋ ಫೋನು ಹಾಗೆ ಕೂಗಿದರೆ ಕೈ ತಾನಾಗಿಯೇ ಮುಖಕ್ಕೆ ಅಡ್ಡ ಬರುತ್ತದೆ.

ಚೀಲದಲ್ಲಿ ಏನಿದೆ ಅಂತ ಒಲೆಯ ಎದುರಿಗಿದ್ದ ಕಬ್ಬಿಣದ ಬೀರು ಹೇಳಿತು. ಅಂಗಿ ತೆಗೆಯಲು ಬೀರುವಿನ ಮುಂದೆ ಬಗ್ಗಿದ್ದ. ಚೀಲ ತೂಗಿಕೊಂಡು ಹೋಗಿ ಬಾಗಿಲಿಗೆ ಟಪ್ ಅಂತ ಅಂಟಿಕೊಂಡಿತು. ಎಳೆದು ಬಿಡಿಸಿಕೊಂಡ. ನಾನು ನೋಡಿಬಿಟ್ಟೆ ಅಂತ ಅವನಿಗೂ ಗೊತ್ತಾಯಿತು.

“ಅದರೊಳಗೆ ಏನಿಟ್ಟಿದೀರ?”

“ಲಿಂಗ.”

“ಲಿಂಗ ಬೀರುಗೆ ಅಂಟ್ಕೊಳುತ್ತಾ? ಆ ಹುಡುಗಿ ಹೇಳಿದ್ದು ನಾನೂ ಕೇಳಿಸ್ಕೊಂಡಿದೀನಿ. ಸಾಯ್ತೀರ.”

“ಸತ್ರೆ ನಿನಗೆ ಲಾಭ ಅಲ್ವೇನೇ?” ಎದೆಯನ್ನು ನನ್ನ ಮುಂದಕ್ಕೆ ಒಡ್ಡಿದ. “ತೆಗಿ ನೋಡೋಣ. ನಿನ್ನಪ್ಪ ಕಲಿಸಿದ್ದು ಇದೇ ಏನು, ಗಂಡನ ಲಿಂಗಕ್ಕೆ ಕೈ ಹಾಕೋದು? ಹಾಕು, ಹಾಕೇ!”

ನನ್ನ ಕೈ ಏಳಲಿಲ್ಲ. ಅವನು ನಕ್ಕ. ಅಯಸ್ಕಾಂತ ಇಡಲು ಮನೆ ತುಂಬ ಜಾಗ ಇತ್ತು. ನನ್ನ ಕೈ ಹೋಗದ ಒಂದೇ ಒಂದು ಜಾಗವನ್ನು ಹುಡುಕಿ ಇಟ್ಟಿದ್ದ.

ನಾದಿನಿಗೆ ಹೇಳಿದೆ. “ಲಿಂಗದ ಜೊತೆ ಯಾರಾದ್ರೂ ಕಬ್ಬಿಣ ಇಡ್ತಾರಾ? ನಿನ್ನ ಬಾಯಿಗೆ ಹುಳ ಬೀಳ,” ಅಂದಳು. ಮಗಳಿಗೆ ಹೇಳಿದೆ. ಅವಳು, “ಅವರೇ ಇಟ್ಕೊಂಡಿರೋದು ತಾನೇ, ಇರ್ಲಿ ಬಿಡಮ್ಮ,” ಅಂದಳು. ಅವಳ ಲೆಕ್ಕ ನನಗೆ ಅರ್ಥವಾಯಿತು. ನಾನೂ ಅದೇ ಲೆಕ್ಕ ಹಾಕಿಕೊಂಡು ಹಿಟ್ಟು ನಾದಲು ಕೂತೆ.

ಶ್ರಾವಣದಲ್ಲಿ ನಮಗೆ ಕೆಲಸ ಜಾಸ್ತಿ. ಒಂದು ಸೋಮವಾರ ಬೆಳಿಗ್ಗೆ ರೊಟ್ಟಿಗೆ ಜನ ಆಚೆಯವರೆಗೂ ನಿಂತಿದ್ದರು. ಮನೆಮನೆಗೆ ಊಟ ತಲುಪಿಸುವ ಹೆಲ್ಮೆಟ್ಟಿನ ಯುವಕನೊಬ್ಬ, ಪೊಟ್ಟಣ ಕಟ್ಟಲು ಕೂತಿದ್ದ ನನ್ನ ಗಂಡನ ಕಡೆ ತಿರುಗಿದ. “ತಾತ, ಬೇಗ ಬೇಗ ಕಟ್ಟು ಗುರು. ಅಜ್ಜಿ, ಈ ತಾತನ್ನ ಎಲ್ಲಿಂದ ಕೆಲಸಕ್ಕೆ ಹಿಡ್ಕೊಂಡು ಬಂದ್ರಿ?” ನಿಂತವರೆಲ್ಲ ನಕ್ಕರು. ನನಗೂ ನಗು ಬಂತು. ನಕ್ಕೆ.

ಜನ ಕರಗುವವರೆಗೂ ಪೊಟ್ಟಣ ಕಟ್ಟಿದ. ಆಮೇಲೆ ಶಟರನ್ನು ಅರ್ಧ ಇಳಿಸಿದ. ಚೀಲ ಮೇಲಕ್ಕೆ ಎಳೆದು ಸಿಕ್ಕಿಸಿದ. ಕುಂಯ್.

“ನಗ್ತೀಯಾ? ನಗೇ ಈಗ.”

ರೊಟ್ಟಿ ಹಲಗೆ ಎತ್ತಿದ. ಹೊನ್ನೆ ಮರದ್ದು, ಎರಡು ಕೈಯಲ್ಲಿ ಎತ್ತಬೇಕು. ತಲೆಗೆ ಬೀಸಿದ್ದನ್ನು ಬಲಗೈ ಅಡ್ಡ ಕೊಟ್ಟು ತಡೆದೆ. ಮಣಿಕಟ್ಟು ಮುರಿದದ್ದು ನೋವಿಗಿಂತ ಮೊದಲು ಕಿವಿಗೆ ಕೇಳಿತು. ಇನ್ನೊಂದು ಏಟು ಹೆಗಲಿಗೆ. ನನ್ನ ಜೊತೆಯವಳು ಹಿಂದಿನಿಂದ ಅವನ ಬನೀನು ಹಿಡಿದು ಎಳೆದಳು, ಅವಳನ್ನು ಒಲೆಯ ಕಡೆಗೆ ನೂಕಿದ. ಕಾದ ಹಂಚು ಅವಳ ಮೊಣಕೈ ಸುಟ್ಟಿತು. ಮೂರನೆಯ ಏಟಿಗೆ ಹಲಗೆ ಎತ್ತಿದ. ಎತ್ತಿದ ಕೈಯಿಂದ ಅದು ಜಾರಿ ಅವನ ಕಾಲ ಮೇಲೆಯೇ ಬಿತ್ತು. ಆಮೇಲೆ ಅವನು ಬಿದ್ದ.

ಈ ಸಲ ನಾಟಕ ಅಂದುಕೊಳ್ಳಲಿಲ್ಲ. ಕಣ್ಣು ಮೇಲಕ್ಕೆ ಹೋಗಿತ್ತು. ಅವನ ಎದೆಯಲ್ಲಿ ಯಂತ್ರ ಮಲಗಿತ್ತು, ಅದರ ಮೇಲೆ ಬಿಳಿ ಚೀಲ ಭದ್ರವಾಗಿ ಕುಳಿತಿತ್ತು.

“ಅಕ್ಕಾ ಒತ್ತಕ್ಕಾ!” ನನ್ನ ಜೊತೆಯವಳು ಸುಟ್ಟ ಕೈ ಹಿಡಿದುಕೊಂಡು ಕಿರುಚಿದಳು.

ನನ್ನ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಬೇರೆ ಯಾರದೋ ಅನ್ನುವ ಹಾಗೆ ನೇತಾಡುತ್ತಿತ್ತು. “ಯಾವುದರಲ್ಲಿ ಒತ್ತಲಿ? ನೀನೇ ಒತ್ತೇ!” ಅಂದೆ. ಅವಳು ಕೂತು ಒತ್ತಲು ನೋಡಿದಳು, ಸುಟ್ಟ ಕೈ ಮಡಚಿಕೊಂಡಿತು. ಒತ್ತಿದರೆ ಹಿಂದಿನ ಸಲದ ಹಾಗೆ ಗಾಡಿ ಬರುವವರೆಗೂ ಒತ್ತಬೇಕು. ಶ್ರಾವಣ ಸೋಮವಾರ ಮಾಗಡಿ ರಸ್ತೆಯಲ್ಲಿ ಗಾಡಿ ಯಾವಾಗ ಬಂದೀತು? ಆ ಚೀಲ ಒಂದು ತೆಗೆದರೆ ಸಾಕು, ಒಳಗಿನದು ಎದ್ದು ತನ್ನ ಕೆಲಸ ತಾನೇ ಮಾಡುತ್ತದೆ. ತೆಗೆಯದಿದ್ದರೂ ನನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಗಂಡನ ಲಿಂಗ ಮುಟ್ಟಲಿಲ್ಲ, ಎಂಥ ಹೆಂಗಸು ಅಂತ ನಾದಿನಿಯೇ ನಾಲ್ಕು ಜನರ ಮುಂದೆ ಹೇಳಿಯಾಳು.

ನಿಂತೆ. ಅವನ ತುಟಿ ನೀಲಿಯಾಗುವುದನ್ನು ನೋಡಿಕೊಂಡು ನಿಂತಿದ್ದೆ. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬಂತು.

ಆಮೇಲೆ ಮಂಡಿ ಊರಿ ಎಡಗೈಯಿಂದ ಚೀಲ ಹಿಡಿದು ಎಳೆದೆ. ಶಿವದಾರ ಅವನ ಕಂಕುಳಿನ ಕೆಳಗೆ ಸುತ್ತಿಕೊಂಡಿತ್ತು, ಬರಲಿಲ್ಲ. ಒಂದು ಕೈಯಲ್ಲಿ ಹರಿಯಲೂ ಆಗಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿದೆ. ಬೆವರಿನ ಉಪ್ಪು, ವಿಭೂತಿ, ನೂಲು ಎಲ್ಲ ಬಾಯಿಗೆ ಬಂತು. ನಾಯಿ ಮೂಳೆ ಕಡಿಯುವ ಹಾಗೆ ಕಡಿದೆ. ದಾರ ಹರಿಯಿತು. ಚೀಲವನ್ನು ಬೀಸಿ ಎಸೆದೆ, ಹೋಗಿ ಶಟರಿಗೆ ಅಂಟಿಕೊಂಡು ನೇತಾಡಿತು.

ಏನೂ ಆಗಲಿಲ್ಲ. ತಡವಾಯಿತು ಅಂದುಕೊಂಡೆ. ನನ್ನ ಮುಖ ಇನ್ನೂ ಅವನ ಎದೆಯ ಹತ್ತಿರವೇ ಇತ್ತು. ಆಗ ಒದೆಯಿತು. ಅವನ ಎದೆ ಎದ್ದು ನನ್ನ ಗಲ್ಲಕ್ಕೆ ಬಡಿಯಿತು, ಊರಿದ್ದ ಎಡಗೈ ಜುಂ ಅಂದಿತು. ಅವನು ನೀರಿನಿಂದ ಎದ್ದವನ ಹಾಗೆ ಗೊರ್ ಅಂತ ಉಸಿರು ಎಳೆದುಕೊಂಡ.

ಯಾಕೆ ಉಳಿಸಿದೆ ಅಂತ ಮಗಳು ಕೇಳಿದ್ದಾಳೆ, ಜೊತೆಯವಳು ಕೇಳಿದ್ದಾಳೆ. ಗಂಡ ಅಂತ ಅಲ್ಲ. ಪಾಪ ಅಂತಲೂ ಅಲ್ಲ. ನನ್ನ ಕೈ ಮುರಿದು, ಅವಳ ಕೈ ಸುಟ್ಟು, ರೊಟ್ಟಿ ಸೀಯಿಸಿ, ಯಾರಿಗೂ ಉತ್ತರ ಹೇಳದೆ ಅಷ್ಟು ಸಲೀಸಾಗಿ ಎದ್ದು ಹೋಗುವುದು ನನಗೆ ಸರಿ ಕಾಣಲಿಲ್ಲ.

ಗಾಡಿ ಬಂತು. ಅವನಿಗೊಂದು ವಾರ್ಡು, ನನಗೊಂದು ವಾರ್ಡು. ಎಚ್ಚರವಾದವನು ಮೊದಲು ಎದೆ ಮುಟ್ಟಿಕೊಂಡು, ನನ್ನ ಲಿಂಗ ಎಲ್ಲಿ, ಅಂತ ಕೇಳಿದನಂತೆ. ನಾದಿನಿಗೆ ಅಷ್ಟು ಸಾಕಾಯಿತು. ಲಿಂಗ ಕಿತ್ತಳು, ಶಿವದಾರ ಕಚ್ಚಿ ಎಂಜಲು ಮಾಡಿದಳು ಅಂತ ನೆಂಟರಿಗೆಲ್ಲ ಫೋನು ಹೋಯಿತು. ಅವನು ಮನೆಗೆ ಬಂದ ವಾರ, ಬಸವೇಶ್ವರನಗರದ ಅವಳ ಮನೆಯ ಪಡಸಾಲೆಯಲ್ಲಿ ನಮ್ಮ ಸ್ವಾಮಿಗಳನ್ನು ಕೂರಿಸಿ ಪಂಚಾಯಿತಿ ಮಾಡಿದರು. ಚೀಲವನ್ನು ನನ್ನ ಜೊತೆಯವಳು ಸೆರಗಿನಿಂದ ಹಿಡಿದ ಇಕ್ಕಳದಲ್ಲಿ ಶಟರಿನಿಂದ ಬಿಡಿಸಿ, ತಗಡಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಳು. ಹಾಗೇ ತಂದು ಸ್ವಾಮಿಗಳ ಮುಂದೆ ಇಟ್ಟೆ.

ಸ್ವಾಮಿಗಳು ಚೀಲ ಬಿಚ್ಚಿದರು. ಮೊದಲು ಲಿಂಗ ಬಂತು. ಆಮೇಲೆ ಒಂದು ಕರಿಯ ಬಿಲ್ಲೆ ಜಾರಿ ಬಂದು ಡಬ್ಬಿಯ ಅಂಚಿಗೆ ಟಣ್ ಅಂತ ಅಂಟಿಕೊಂಡಿತು.

“ಇದೇನಿದು?”

“ಅವಳೇ ಇಟ್ಟಿರ್ತಾಳೆ ಬುದ್ಧಿ!” ಅಂದಳು ನಾದಿನಿ.

“ಅವನ ಚೀಲಕ್ಕೆ ಕೈ ಹಾಕೋ ಧೈರ್ಯ ನನಗೆ ಮೊದಲೇ ಇದ್ದಿದ್ರೆ, ಇಷ್ಟು ದಿನ ಏಟು ಯಾಕೆ ತಿಂತಿದ್ದೆ?” ಅಂದೆ.

ಸ್ವಾಮಿಗಳು ಅವನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ. “ನಾನೇ ಬುದ್ಧಿ,” ಅಂದ.

“ಯಾಕಪ್ಪ?”

ಪ್ಲಾಸ್ಟರ್ ಹಾಕಿದ ಕೈಯನ್ನು ಎತ್ತಿ ನಾನೇ ಹೇಳಿದೆ. “ನನಗೆ ಹೊಡೆಯೋವಾಗ ತನಗೆ ಒದೆ ಬೀಳದೇ ಇರಲಿ ಅಂತ.”

ತಾನೇ ಹೊಲಿದ ಚೀಲವನ್ನು ನಾದಿನಿ ತಿರುಗಿಸಿ ತಿರುಗಿಸಿ ನೋಡಿದಳು. ಎದ್ದು ಅಡುಗೆಮನೆಗೆ ಹೋದಳು. ಸ್ವಾಮಿಗಳು ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ, ಹೊಸ ದಾರದಲ್ಲಿ ಅವನ ಕೊರಳಿಗೆ ಕಟ್ಟಿದರು. “ಎಂಜಲು ನೀರು ಹಾಕಿದ್ರೆ ಹೋಯ್ತು,” ಅಂದರು. “ನೀನು ಮಾಡಿದ್ದಕ್ಕೆ ಯಾವ ನೀರು ಹಾಕ್ಲಿ, ನನಗೆ ತಿಳಿಯದು.” ಆಮೇಲೆ ಕರಿಯ ಬಿಲ್ಲೆಯನ್ನು ಕಿತ್ತು ಕೈಯಲ್ಲಿ ಹಿಡಿದು, ಇದನ್ನೇನು ಮಾಡೋದು ಅನ್ನುವ ಹಾಗೆ ಎಲ್ಲರನ್ನೂ ನೋಡಿದರು.

“ನನಗೆ ಕೊಡಿ,” ಅಂದೆ. ಎಡಗೈಯಲ್ಲಿ ತೆಗೆದುಕೊಂಡು ಅವನಿಗೆ ಹೇಳಿದೆ: “ಎರಡು ಸಲ ಎಬ್ಬಿಸಿದೀನಿ. ಮೂರನೇದು ಇಲ್ಲ. ಇದು ಬೀರು ಮೇಲೆ ಇರುತ್ತೆ. ಬೇಕಾದಾಗ ತಗೊಂಡು ಎದೆಗೆ ಹಚ್ಕೊ. ಬಿದ್ರೆ ನಾನು ರೊಟ್ಟಿ ತಟ್ತಾ ಇರ್ತೀನಿ.”

ಅವನು ನನ್ನ ಮುಖವನ್ನು ನೋಡಿದ. ನಾನು ಹೇಳಿದ್ದು ಮಾಡುತ್ತೇನೋ ಇಲ್ಲವೋ ಅಂತ ಅಳೆದ. ಮಾಡುತ್ತೇನೆ ಅಂತ ಅವನಿಗೆ ಗೊತ್ತಾಯಿತು.

ಮಣಿಕಟ್ಟು ಕೂಡಿತು, ಆದರೆ ಪೂರ್ತಿ ತಿರುಗುವುದಿಲ್ಲ. ಎಡಗೈಯಲ್ಲಿ ತಟ್ಟುವುದನ್ನು ಕಲಿತೆ. ರೊಟ್ಟಿ ದುಂಡಗೆ ಬರುವುದಿಲ್ಲ, ಗಿರಾಕಿಗಳು ತಿನ್ನುತ್ತಾರೆ. ಅಂಗಡಿಗೆ ಬೋರ್ಡೂ ಬರೆಸಿದೆ, ‘ಅಜ್ಜಿ ರೊಟ್ಟಿ ಅಂಗಡಿ’ ಅಂತಲೇ. ಅವನು ಆ ಬೋರ್ಡಿನ ಕೆಳಗೆ ಕೂತು ಪೊಟ್ಟಣ ಕಟ್ಟುತ್ತಾನೆ. ಲಿಂಗ ಬೆಳ್ಳಿ ಕರಡಿಗೆಗೆ ಹಿಂತಿರುಗಿದೆ.

ಮೊನ್ನೆ ಚಟ್ನಿಪುಡಿಯ ಡಬ್ಬ ಬೀಳಿಸಿದ. ನಾನು ಬೈದೆ. ಅವನ ಮುಖ ಕೆಂಪಗಾಯಿತು, ದವಡೆ ಬಿಗಿಯಿತು, ಎದ್ದು ನಿಂತ. ಬೀರುವಿನ ಕಡೆ ನೋಡಿದ. ಕರಿಯ ಬಿಲ್ಲೆ ಅಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ನಾನು ತಟ್ಟುವುದನ್ನು ನಿಲ್ಲಿಸಲಿಲ್ಲ. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತು, ಪೊರಕೆ ತಂದು ಚೆಲ್ಲಿದ ಚಟ್ನಿಪುಡಿ ಗುಡಿಸಿದ.